ಬೋಪಣ್ಣನ ಕತ್ತಿಗೆ ಸಹಿ ಇದೆಯಂತೆ

ಗುಂಪು: ಮೆಟಲರ್ಜಿ 89

ಸುಧಾಕರ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಅಸಲಿ ಸಮುರಾಯ್ ಕತ್ತಿ ಗುರುತಿಸಲು 4 ಸುಲಭ ಉಪಾಯ!! 1) ಜಪಾನಿ ಅಕ್ಷರದ ಸಹಿ ಇದ್ದರೆ ಅಸಲಿ. 2) 1000 ಸಲ ಮಡಚಿದ ಉಕ್ಕು, ಅಲಗಿನ ಮೇಲೆಲ್ಲ ನೀರಿನ ಅಲೆಯಂತೆ ಗೆರೆ ಎದ್ದು ಕಾಣಬೇಕು. 3) ಹಿಡಿಯೊಳಗೆ ಕೆಂಪು ತುಕ್ಕು ಇದ್ದರೆ 300 ವರ್ಷ ಹಳೆಯದು. 4) ಮೇಲಿಂದ ಬಿಟ್ಟ ರೇಷ್ಮೆ ಬಟ್ಟೆ ಎರಡಾಗಬೇಕು. ಎಲ್ಲರಿಗೂ ತಲುಪಿಸಿ 🙏

ಸುಧಾಕರ: ಬೋಪಣ್ಣ, ಯಾಕೋ ನಿಮ್ಮ ಹಾಲ್‌ನ ಗೋಡೆ ನೆನಪಾಯ್ತು 😄

ಜಯಶ್ರೀ: ಮೂಲ ಯಾವುದು? ಬರೆದವರು ಯಾರು?

ಸುಧಾಕರ: ಬಂದದ್ದನ್ನ ಕಳಿಸಿದೆ ಕಣೇ.

ಜಯಶ್ರೀ: ಪ್ಲಾಸ್ಟಿಕ್ ಅಕ್ಕಿಯೂ ಹೀಗೇ ಬಂದಿತ್ತು.

ಬೋಪಣ್ಣ: ಹೋದ ಹುತ್ತರಿಗೆ ನಮ್ಮನೇಲಿ ಉಂಡು, ಕೈ ಒರೆಸಿಕೊಳ್ತಾ "ಇದು ಚೀನಾ ಮಾಲು" ಅಂದವನು ಯಾರು ಅಂತ ಗುಂಪಿಗೂ ಗೊತ್ತಾಗ್ಲಿ. ಅಜ್ಜ 1945ರಲ್ಲಿ ಬರ್ಮಾದಿಂದ ತಂದ ಕತ್ತಿ ಅದು. ಸಹಿಯೂ ಇದೆ.

ಸುಧಾಕರ: ಹಾಗಾದ್ರೆ ಒಂದನೇ ಪಾಯಿಂಟ್ ನಿನ್ನ ಪರವಾಗಿಯೇ ಇದೆಯಲ್ಲೋ!

ಅನಂತ (ನಗೋಯಾ): ಒಂದನೇ ಪಾಯಿಂಟೇ ತಲೆಕೆಳಗು. ಇಲ್ಲಿ ಕತ್ತಿ ಪರೀಕ್ಷಿಸುವ ಕೂಟಗಳಲ್ಲಿ ನಕಾಗೊ, ಅಂದ್ರೆ ಹಿಡಿಯೊಳಗೆ ಕೂರುವ ಬಾಲ, ಅದನ್ನ ಮುಚ್ಚಿಯೇ ಅಲಗನ್ನ ಕೈಗೆ ಕೊಡ್ತಾರೆ. ಮೊದಲು ಆಕಾರ, ಬಾಗು. ಆಮೇಲೆ ಉಕ್ಕಿನ ಎಳೆ, ಹದದ ಗೆರೆ (ಹರಿತದ ಅಂಚನ್ನ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗುರುತು). ಸಹಿ ಕಟ್ಟಕಡೆಗೆ. ಕೊತೆತ್ಸು, ಮುರಾಮಾಸನಂಥ ದೊಡ್ಡ ಕಮ್ಮಾರರ ಹೆಸರಲ್ಲಿ ಸುಳ್ಳು ಸಹಿ ಎಷ್ಟು ಹಳೆಯ ದಂಧೆ ಅಂದ್ರೆ ಅದಕ್ಕೆ "ಗಿಮೇಯ್" ಅಂತ ಬೇರೆ ಪದವೇ ಇದೆ. ಕತ್ತಿ 300 ವರ್ಷದ್ದೇ ಇರುತ್ತೆ, ಹೆಸರು ಮಾತ್ರ ಕಳ್ಳ. ಇತ್ತ ಮಾಸಮುನೆ ಸಹಿ ಹಾಕಿದ್ದೇ ಅಪರೂಪ. ಉದ್ದದ ಹಳೆಯ ಅಲಗನ್ನ ಬಾಲದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದಾಗ ಸಹಿಯೂ ಹೋಗಿಬಿಡುತ್ತೆ, ಹಿಡಿಯನ್ನ ಬಿಗಿಯೋ ಬೆಣೆಯ ತೂತು ಎರಡು ಮೂರು ಉಳಿಯುತ್ತೆ. ಈ ಮೆಸೇಜ್ ನಂಬಿದ್ರೆ ಅದೆಲ್ಲ ಗುಜರಿಗೆ.

ಜಯಶ್ರೀ: ಮೂರನೇದು ಇನ್ನೂ ಕೆಟ್ಟದು. ಕೆಂಪು ತುಕ್ಕು ಹೊಸ ತುಕ್ಕು, ಪುಡಿಯಾಗಿ ಬೆರಳಿಗೆ ಹತ್ತುತ್ತೆ. ಉಪ್ಪುನೀರೋ ಆಸಿಡ್ಡೋ ಹಚ್ಚಿ ಒಂದು ವಾರದಲ್ಲಿ ಬರಿಸಬಹುದು, ನಕಲಿಯವರು ಮಾಡೋದೇ ಅದು. ಶತಮಾನಗಳ ತುಕ್ಕು ಚೆನ್ನಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕಿರುತ್ತೆ, ಬೆರಳಾಡಿಸಿದ್ರೆ ನುಣುಪು. ಅಕ್ಷರದ ಗೆರೆಯ ಒಳಗೂ ಅದೇ ಬಣ್ಣ ಇಳಿದಿರಬೇಕು. ಸುತ್ತ ಕಪ್ಪು, ಅಕ್ಷರದ ಹೊಟ್ಟೆಯೊಳಗೆ ಹೊಳಪು ಅಂದ್ರೆ ಚಾಣ ಬಿದ್ದದ್ದು ನಿನ್ನೆ ಮೊನ್ನೆ. ಬಾಲದ ಮೇಲೆ ಅರ ಉಜ್ಜಿದ ಗೆರೆಗಳು ಒಂದೇ ಓರೆಯಲ್ಲಿ ಸಾಲಾಗಿರುತ್ತೆ. ಅಡ್ಡಾದಿಡ್ಡಿ ಗ್ರೈಂಡರ್ ಗುರುತು ಕಂಡ್ರೆ ಮುಂದೆ ನೋಡೋದೇ ಬೇಡ.

ನರಸಿಂಹಮೂರ್ತಿ ಸರ್: ಹುಡುಗರೇ, ಹಿರಿಯರು ಬಿಟ್ಟುಹೋದ ವಸ್ತುವಿನ ಅಸಲಿತನ ಕೆದಕುವುದು ತರವಲ್ಲ. ಆಯುಧಪೂಜೆಯಂದು ತೊಳೆದು, ಅಲಗಿಗೆ ಅರಿಶಿನ ಕುಂಕುಮ ಹಚ್ಚಿ, ಅದರಿಂದಲೇ ನಿಂಬೆಹಣ್ಣು ಕೊಯ್ದು ನಮಸ್ಕರಿಸಿದರೆ ಸಾಕು.

ಜಯಶ್ರೀ: ಸರ್, ತಪ್ಪು ತಿಳ್ಕೋಬೇಡಿ. ಅಲಗಿಗೆ ನೀರೂ ಬೇಡ, ನಿಂಬೆಯಂತೂ ಬೇಡವೇ ಬೇಡ. ಹುಳಿ ತಾಗಿದ ಕಡೆ ಕಲೆ ಕೂರುತ್ತೆ, ಒದ್ದೆ ಕುಂಕುಮದಡಿ ತುಕ್ಕು ಗುಳಿ ಬೀಳುತ್ತೆ. ಗುಳಿ ತೆಗೆಯೋಕೆ ಅಲಗನ್ನೇ ಸವೆಸಬೇಕು. ಕುಂಕುಮ ಒರೆಗೆ ಇಡಲಿ.

ಬೋಪಣ್ಣ: ಎಷ್ಟು ವರ್ಷದ ನಿಂಬೆಹಣ್ಣೋ ಏನೋ, ಕೊಯ್ದದ್ದೆಲ್ಲ ಅದರಲ್ಲೇ.

ವಿಶ್ವ: ಅಯ್ಯೋ, ಆಸಿಡ್ ಅಂದ ಕೂಡಲೇ ಮೆಟಲೋಗ್ರಫಿ ಲ್ಯಾಬ್ ಕಣ್ಮುಂದೆ ಬಂತು! 2% ನೈಟಾಲ್ (ಆಲ್ಕೊಹಾಲ್‌ಗೆ ಬೆರೆಸಿದ ನೈಟ್ರಿಕ್ ಆಸಿಡ್) ವಾಸನೆ, ಸುಧಾಕರನ ಹಳದಿ ಬೆರಳು... ನೆನಪಿದೆಯಾ? ಅಂದಹಾಗೆ ಎರಡನೇ ಪಾಯಿಂಟ್‌ನ ಅಲೆ ಗೆರೆ ನಮ್ಮದೇ. ನಮ್ಮ ಹಳೆಯ ಉಕ್ಕಿಗೆ ಇಂಗ್ಲಿಷಿನವರು ಅನ್ನೋ "ವೂಟ್ಜ್" ಬಂದಿರೋದು ಕನ್ನಡದ "ಉಕ್ಕು"ನಿಂದ. ಜಪಾನಿನವರು ನಮ್ಮಿಂದ ಕಲಿತದ್ದು.

ಜಯಶ್ರೀ: ವಿಶ್ವ, ಇದಕ್ಕೂ ಮೂಲ ಬೇಕು. ನಮ್ಮ ಉಕ್ಕು ಮೂಸೆಯಲ್ಲಿ ಕರಗಿಸಿದ್ದು, ಅದರ ಅಲೆ ಸಿಮೆಂಟೈಟ್, ಅಂದ್ರೆ ಕಬ್ಬಿಣ-ಇಂಗಾಲದ ಗಟ್ಟಿ ಸಂಯುಕ್ತ, ಅದರ ಪಟ್ಟಿಗಳದ್ದು. ಅವರ ಕತ್ತಿಯ ಉಕ್ಕು ತಮಾಹಗಾನೆ, ಕಬ್ಬಿಣದ ಮರಳನ್ನ ಇದ್ದಿಲಿನ ಜೊತೆ ಮಣ್ಣಿನ ತತಾರ ಕುಲುಮೆಯಲ್ಲಿ ಬೇಯಿಸಿ ತೆಗೆಯೋದು. ದಾರಿಯೇ ಬೇರೆ. 1000 ಸಲ ಮಡಚೋದಂತೂ ಗಣಿತಕ್ಕೇ ಅವಮಾನ. ಹತ್ತು ಸಲ ಮಡಚಿದ್ರೆ 1024 ಪದರ, ಹದಿನೈದಕ್ಕೆ 32,768. ಅಲ್ಲಿಗೆ ಅವರ ಕೆಲಸ ಮುಗೀತು. ಒಳ್ಳೆಯ ಹಳೆಯ ಅಲಗಿನ ಎಳೆ ಕಣ್ಣಿಗೆ ಹತ್ತಿರ ಹಿಡಿದರಷ್ಟೇ ಕಾಣುತ್ತೆ. ಮಾರು ದೂರದಿಂದ ಜೀಬ್ರಾ ಥರ ಕಂಡ್ರೆ ಅದು ಆಸಿಡ್‌ನಲ್ಲಿ ಗೆರೆ ಎಬ್ಬಿಸಿದ ಇಂದಿನ ಡಮಾಸ್ಕಸ್ ಉಕ್ಕು.

ಸುಧಾಕರ: ನನ್ನ ಬೆರಳು ಹಳದಿಯಾದದ್ದು ವಿಶ್ವ ಬೀಕರ್ ಬೀಳಿಸಿದ್ದಕ್ಕೆ. ಸುಮ್ನೆ ನನ್ನ ಹೆಸರು ತರಬೇಡಿ.

ವಿಶ್ವ: ಬೀಕರ್ ಬೀಳಿಸಿದ್ದು ನೀನು. ಸರ್ ಸಾಕ್ಷಿ.

ನರಸಿಂಹಮೂರ್ತಿ ಸರ್: ಬೀಕರ್‌ನ ದುಡ್ಡು ಇಬ್ಬರೂ ಕಟ್ಟಲಿಲ್ಲ.

ಬೋಪಣ್ಣ: ನನ್ನ ಕತ್ತಿಗೆ ಬನ್ನಿ. ಹಿಡಿ ಬಿಚ್ಚೋದು ಹೇಗೆ?

ಅನಂತ: ಮೊದಲೇ ಫೋಟೋ ತೆಗೆದುಕೊ. ಸೈನ್ಯದ ಕತ್ತಿಯಲ್ಲಿ ಒರೆಯನ್ನ ಹಿಡಿಯೋ ಸ್ಪ್ರಿಂಗ್ ಚಿಲಕ ಇರುತ್ತೆ, ಅದನ್ನ ಒತ್ತಿ, ಕತ್ತಿಯ ಬಾಯಿ ಮೇಲೆ ಮಾಡಿ, ಅಲಗಿನ ಬೆನ್ನು ಒರೆಗೆ ಜಾರುವ ಹಾಗೆ ನಿಧಾನಕ್ಕೆ ಎಳಿ. ಹಿಡಿಯಲ್ಲಿ ಬಿದಿರಿನ ಬೆಣೆ ಕಾಣುತ್ತೆ. ಅದರ ಒಂದು ತುದಿ ಸಣ್ಣ. ಸಣ್ಣ ತುದಿಯ ಕಡೆಯಿಂದ ಮರದ ಕಡ್ಡಿ ಇಟ್ಟು ತಟ್ಟು, ಮೊಳೆ ಬೇಡ. ಬೆಣೆ ಬಂದ ಮೇಲೆ ಎಡಗೈಯಲ್ಲಿ ಹಿಡಿಯ ಬುಡ ಹಿಡಿದು, ಅಲಗನ್ನ ನೆಟ್ಟಗೆ ನಿಲ್ಲಿಸಿ, ಬಲಮುಷ್ಟಿಯಿಂದ ಎಡ ಮಣಿಕಟ್ಟಿಗೆ ಮೆಲ್ಲಗೆ ಗುದ್ದು. ಬಾಲ ಸಡಿಲವಾಗುತ್ತೆ. ತೆಳು ಬಿಲ್ಲೆಗಳು ಒಂದರ ಮೇಲೊಂದು ಬರುತ್ತೆ, ಯಾವ ಕ್ರಮದಲ್ಲಿ ಬಂತೋ ಅದೇ ಕ್ರಮದಲ್ಲಿ ಸಾಲಾಗಿಡು. ಕ್ರಮ ತಪ್ಪಿದ್ರೆ ಮತ್ತೆ ಹಾಕಿದಾಗ ಹಿಡಿ ಗಡಗಡ ಅನ್ನುತ್ತೆ. ಅಲಗನ್ನ ಬರಿಗೈಯಲ್ಲಿ ಮುಟ್ಟಬೇಡ. ಬಾಲದ ತುಕ್ಕನ್ನ ಉಜ್ಜಿದ್ರೆ ಮುಗೀತು, ವಯಸ್ಸು ಹೇಳೋ ಸಾಕ್ಷಿಯೇ ಅದು.

ಬೋಪಣ್ಣ: (ಫೋಟೋ) (ಫೋಟೋ) ಅಲಗು 66 ಸೆಂ.ಮೀ. ತೂತು ಒಂದು. ಬಣ್ಣ ಬೂದು-ಕಂದು. ಸಹಿಯ ಮೇಲೆ ಒಂದು ಪುಟ್ಟ ಮುದ್ರೆ. ಬಾಲದಲ್ಲಿ ಬಿಳಿ ಬಣ್ಣದಲ್ಲಿ ಏನೋ ಅಂಕಿ. ಕೈಕಾಪು ಹಿತ್ತಾಳೆ, ಮೇಲೆ ಹೂವು.

ಅನಂತ: ಚೆರ್ರಿ ಹೂ. ಜಪಾನಿ ಸೈನ್ಯದ 1938ರ ಮಾದರಿಯ ಅಧಿಕಾರಿ ಕತ್ತಿ, ಗುಂತೊ. ಆ ಮುದ್ರೆ ಸೆಕಿ ಊರಿನ ತಪಾಸಣೆಯದ್ದು. ಅಂಥ ಮುದ್ರೆಯ ಅಲಗುಗಳು ಸಾಮಾನ್ಯವಾಗಿ ಕಾರ್ಖಾನೆ ಉಕ್ಕಿನವು, ನೀರಿನ ಬದಲು ಎಣ್ಣೆಯಲ್ಲಿ ಹದ ಮಾಡಿದವು. 1945ರಲ್ಲಿ ಸೋತ ಜಪಾನಿ ಅಧಿಕಾರಿಗಳು ಕತ್ತಿ ಒಪ್ಪಿಸಲೇಬೇಕು ಅಂತ ಮಿತ್ರಪಡೆಯ ಮೌಂಟ್‌ಬ್ಯಾಟನ್ ಹಟ ಹಿಡಿದಿದ್ದರಿಂದ ಬರ್ಮಾ ಕಡೆ ಇಂಥವು ಬೇಕಾದಷ್ಟು ಕೈಗೆ ಬಂದವು. ಕೆಲವು ಅಧಿಕಾರಿಗಳು ಮನೆತನದ ಹಳೆಯ ಅಲಗನ್ನೇ ಸೈನ್ಯದ ಹಿಡಿಗೆ ಹಾಕಿಸಿದ್ದೂ ಉಂಟು, ಅದಕ್ಕೇ ಹಿಡಿ ಬಿಚ್ಚಿಸಿದ್ದು. ಇದು ಅದಲ್ಲ ಅಂತ ಕಾಣುತ್ತೆ.

ಸುಧಾಕರ: ನೋಡಿದ್ರಾ! ಪುರಾತನ ಅಲ್ಲ ಅಂತ ನಾನು ಅವತ್ತೇ ಅಂದಿದ್ದೆ.

ಬೋಪಣ್ಣ: ನೀನು ಅಂದದ್ದು ಚೀನಾ ಮಾಲು. ಪುರಾತನ ಅನ್ನೋ ಪದ ನಿನ್ನ ಬಾಯಲ್ಲಿ ಬರಲೇ ಇಲ್ಲ.

ವಿಶ್ವ: ಜಗಳ ಯಾಕೆ, ಅನಂತ ಬಂದಾಗ ಅವನ ಜೊತೆ ಜಪಾನಿಗೆ ಕಳಿಸಿ ಅಸಲಿ ಅಂತ ಕಾಗದ ಮಾಡಿಸೋಣ.

ಅನಂತ: ಬೇಡಪ್ಪ. ಇಲ್ಲಿ ಸಾಂಪ್ರದಾಯಿಕವಾಗಿ ತಯಾರಾದ ಕತ್ತಿಗೆ ಮಾತ್ರ ನೋಂದಣಿ. ಕಾರ್ಖಾನೆ ಅಲಗು ಬಂದ್ರೆ ವಶಪಡಿಸಿಕೊಂಡು ಬಿಡ್ತಾರೆ. ಇನ್ನೊಂದು ಮಾತು, ನೋಂದಣಿ ಕಾಗದಕ್ಕೂ ಅಸಲಿ ಸಹಿಗೂ ಸಂಬಂಧ ಇಲ್ಲ. ಉದ್ದ, ಬಾಗು, ತೂತಿನ ಸಂಖ್ಯೆ, ಸಹಿ ಹೇಗಿದೆಯೋ ಹಾಗೆ ಬರೆದಿರ್ತಾರೆ ಅಷ್ಟೇ. ಕತ್ತಿ ದೇಶ ಬಿಡುವಾಗ ಆ ಕಾಗದ ಇಲ್ಲೇ ವಾಪಸ್ ಕೊಡಬೇಕು. ಅದನ್ನ ತೋರಿಸಿ ಬೆಂಗಳೂರಲ್ಲಿ ಯಾರಾದ್ರೂ ಮಾರ್ತಿದ್ರೆ ಆಗಲೇ ಅನುಮಾನ ಪಡಿ.

ಜಯಶ್ರೀ: ಹದದ ಗೆರೆ ನೋಡದೆ ತೀರ್ಪು ಬೇಡ. ಬೋಪಣ್ಣ, ಟ್ಯೂಬ್‌ಲೈಟ್ ಆರಿಸಿ ಒಂದೇ ಒಂದು ಬರಿ ಬಲ್ಬ್ ಹಚ್ಚು. ಮೊನೆಯನ್ನ ಬಲ್ಬಿನ ಕಡೆ ತಿರುಗಿಸಿ ಅಲಗಿನುದ್ದಕ್ಕೂ ಕಣ್ಣು ಹಾಯಿಸು. ನೀರಲ್ಲಿ ಹದ ಮಾಡಿದ್ದಾದ್ರೆ ಗೆರೆಯ ಅಂಚಲ್ಲಿ ಮಂಜಿನ ಥರ, ಕೆಲವು ಕಡೆ ಸಣ್ಣ ಚುಕ್ಕಿಗಳಾಗಿ ಮಾರ್ಟೆನ್‌ಸೈಟ್ (ಹದದಲ್ಲಿ ಗಟ್ಟಿಯಾದ ಉಕ್ಕು) ಮಿನುಗುತ್ತೆ, ಓರೆ ಬದಲಾಯಿಸಿದ ಹಾಗೆ ಬಂದು ಹೋಗುತ್ತೆ. ಆಸಿಡ್‌ನಲ್ಲಿ ಬರೆದ ಗೆರೆ ಯಾವ ಕಡೆಯಿಂದ ನೋಡಿದ್ರೂ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತೆ. ಮೊನೆಯೊಳಗೂ ಗೆರೆ ಹೋಗಿ ಬೆನ್ನಿನ ಕಡೆ ತಿರುಗಿದೆಯಾ ನೋಡು. ಜೊತೆಗೆ ಬಾಯಿಯಿಂದ ನೇರ ಮೇಲಕ್ಕೆ ಕೂದಲೆಳೆಯ ಬಿರುಕು ಇದೆಯಾ ಅಂತಲೂ. ಅದೊಂದಿದ್ರೆ ಎಂಥ ಕತ್ತಿಯ ಬೆಲೆಯೂ ಬಿದ್ದುಹೋಗುತ್ತೆ.

ಸುಧಾಕರ: ಮತ್ತೆ ನಾಲ್ಕನೇ ಪಾಯಿಂಟ್? ರೇಷ್ಮೆ?

ಜಯಶ್ರೀ: ಹೊಸ ಬ್ಲೇಡ್ ಕೂಡ ಚೂಪಾಗಿರುತ್ತೆ ಸುಧಾಕರ. ನಿನ್ನ ಹೆಂಡತಿ ಸೀರೆ ಮುಟ್ಟಬೇಡ.

ನರಸಿಂಹಮೂರ್ತಿ ಸರ್: ಉತ್ತಮ ಮಾಹಿತಿ ಸುಧಾಕರ. ಅಸಲಿ ಕತ್ತಿಯ 4 ಉಪಾಯಗಳನ್ನು ನಮ್ಮ ಬಡಾವಣೆಯ ಗುಂಪಿಗೂ ಕಳಿಸಿದ್ದೇನೆ.

ಜಯಶ್ರೀ: ಸರ್...

ಬೋಪಣ್ಣ: ಇಲ್ಲಿ ಮಳೆ, ಕರೆಂಟ್ ಹೋಯ್ತು. ಬಲ್ಬ್ ಇಲ್ಲ.

ಅನಂತ: ಮೊಬೈಲ್ ಟಾರ್ಚ್ ಸಾಕು, ದೂರ ಇಟ್ಟು ಹಿಡಿ. ನೋಡಿದ ಮೇಲೆ ಹಾಗೇ ಒರೆಗೆ ಹಾಕಬೇಡ. ಒಣ ಮೆತ್ತನೆ ಬಟ್ಟೆಯಲ್ಲಿ ಬೆನ್ನಿನ ಕಡೆಯಿಂದ ಒರೆಸಿ, ಹೊಲಿಗೆ ಯಂತ್ರದ ತಿಳಿ ಎಣ್ಣೆ ಎರಡು ಹನಿ. ಬಾಲಕ್ಕೆ ಬೇಡ.

ಬೋಪಣ್ಣ: ಬ್ಯಾಟರಿ 4% ಇದೆ. ಬಿಲ್ಲೆ ಒಂದು ಮೇಜಿನ ಕೆಳಗೆ ಉರುಳಿದೆ.