ಸಮುದ್ರಕ್ಕೆ ಎಣ್ಣೆ ಚೆಲ್ಲಿದರೆ ಬಿಲ್ ಯಾರಿಗೆ?

ಪ್ರಶ್ನೆ (ಕುವೆಂಪುನಗರ, ಮೈಸೂರು): ಸರ್, 2025ರ ಮೇನಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತಲ್ವಾ, ಮಗಳಿಗೆ ಅದರ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎಣ್ಣೆ ಚೆಲ್ಲಿದರೆ ಅದನ್ನು ಬಳಿದು ತೆಗೆಯುವ ಖರ್ಚು ಯಾರದು? ನಾನು ಸರ್ಕಾರದ್ದು ಅಂದೆ, ಅವಳು ಹಡಗಿನವರದ್ದು ಅಂತಾಳೆ.

ಉತ್ತರ (ನಿವೃತ್ತ ಹಡಗು ವಿಮೆ ಸರ್ವೇಯರ್, ಸರಸ್ವತಿಪುರಂ): ಮಗಳೇ ಗೆದ್ದಳು. ಆದರೆ ನೀವೂ ಪೂರ್ತಿ ಸೋತಿಲ್ಲ. ಮೊದಲು ಕೈಯಿಂದ ಹಾಕುವುದು ಸರ್ಕಾರವೇ. ಕೋಸ್ಟ್ ಗಾರ್ಡ್‌ನವರು ದುಡ್ಡು ಯಾರದು ಅಂತ ಕೇಳುತ್ತಾ ಕೂರುವುದಿಲ್ಲ, ಹೊರಟುಬಿಡುತ್ತಾರೆ. ವಸೂಲಿ ಆಮೇಲೆ.

ಕಚ್ಚಾ ತೈಲ ತುಂಬಿದ ಟ್ಯಾಂಕರ್ ಆದರೆ 1992ರ ಅಂತಾರಾಷ್ಟ್ರೀಯ ಒಪ್ಪಂದ ಇದೆ, ಭಾರತವೂ ಅದರಲ್ಲಿದೆ. ಮಾಲೀಕನದೇ ತಪ್ಪು ಅಂತ ತೋರಿಸಬೇಕಿಲ್ಲ. ಯುದ್ಧದಂಥ ಒಂದೆರಡು ಕಾರಣ ಬಿಟ್ಟರೆ ಅವನು ಕೊಡಲೇಬೇಕು. ಆದರೆ ಹಡಗಿನ ಗಾತ್ರ ನೋಡಿ ಒಂದು ಮಿತಿ ಇರುತ್ತದೆ. ಅದು ಸಾಲದಿದ್ದರೆ ಲಂಡನ್ನಿನಲ್ಲಿರುವ ಪರಿಹಾರ ನಿಧಿ ಕೈಹಾಕುತ್ತದೆ. ಎರಡೂ ಸೇರಿ 20.3 ಕೋಟಿ ಎಸ್‌ಡಿಆರ್‌ವರೆಗೆ. ಎಸ್‌ಡಿಆರ್ ಅನ್ನುವುದು ಐಎಂಎಫ್‌ನ ಲೆಕ್ಕದ ದುಡ್ಡು, ಒಂದಕ್ಕೆ ಡಾಲರ್‌ಗಿಂತ ಸ್ವಲ್ಪ ಜಾಸ್ತಿ.

ಎಲ್ಸಾ ಟ್ಯಾಂಕರ್ ಅಲ್ಲ, ಕಂಟೇನರ್ ಹಡಗು. ಹಾಗಾಗಿ ಆ ನಿಧಿಯಿಂದ ಒಂದು ಪೈಸೆಯೂ ಬರುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಪೇಪರಿನವರೂ ಎಡವುವ ಜಾಗ ಇದು. ಹಡಗು ತನಗೇ ಉರಿಸುವ ಎಣ್ಣೆ ಚೆಲ್ಲಿದರೆ 2001ರ ಬೇರೆ ಒಪ್ಪಂದ. ಅಲ್ಲಿ ಮಾಲೀಕ ಮತ್ತು ಅವನ ವಿಮೆ, ಅಷ್ಟೇ. ಕೇರಳ ಸರ್ಕಾರ ಹೈಕೋರ್ಟ್‌ನಲ್ಲಿ 9,531 ಕೋಟಿ ರೂಪಾಯಿ ಕೇಳಿತು. ಅದಕ್ಕೆ ಭದ್ರತೆಯಾಗಿ ಹಡಗಿನ ಕಂಪನಿ ಎಂಎಸ್‌ಸಿಯ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಲು ಕೋರ್ಟ್ ಹೇಳಿತು. ಹಡಗನ್ನೂ 'ಅರೆಸ್ಟ್' ಮಾಡುತ್ತಾರೆ, ಮಗಳಿಗೆ ಹೇಳಿ. ಕೇಳಿದಷ್ಟೂ ಸಿಗುತ್ತದೆ ಅಂತ ಮಾತ್ರ ಬರೆಸಬೇಡಿ.

ಪ್ರಶ್ನೆ (ಮದ್ದೂರು): ಹಡಗಲ್ಲ, ಸಮುದ್ರದೊಳಗಿನ ಎಣ್ಣೆ ಬಾವಿಯೇ ಒಡೆದರೆ?

ಉತ್ತರ: ಬಾವಿಗೆ ಇಂಥ ಜಾಗತಿಕ ಒಪ್ಪಂದವೇ ಇಲ್ಲ. ಆಯಾ ದೇಶದ ಕಾನೂನು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ತೈಲ ಕೊರೆಯುವ ರಿಗ್ ಸ್ಫೋಟವಾಗಿ 11 ಜನ ಸತ್ತರು, 87 ದಿನ ಎಣ್ಣೆ ಉಕ್ಕಿತು. ಅಮೆರಿಕದ 1990ರ ಕಾಯ್ದೆಯಲ್ಲಿ ಶುಚಿ ಮಾಡುವ ಖರ್ಚು ಪೂರ್ತಿ ಕಂಪನಿಯದೇ. ನಷ್ಟ ಪರಿಹಾರಕ್ಕೆ ಮಾತ್ರ ಆಗ 7.5 ಕೋಟಿ ಡಾಲರ್ ಮಿತಿ ಇತ್ತು. ಬಾವಿಯ ಕಂಪನಿ ಬಿಪಿ ಆ ಮಿತಿ ಬೇಡ ಅಂದಿತು. ಕೊನೆಗೆ ಎಲ್ಲ ಸೇರಿ 6,000 ಕೋಟಿ ಡಾಲರ್ ದಾಟಿತು. ಸಣ್ಣ ಕಂಪನಿ ಆಗಿದ್ದರೆ ದಿವಾಳಿ ಅಂತ ಬಾಗಿಲು ಹಾಕಿಕೊಂಡು ಹೋಗುತ್ತಿತ್ತು.

ಪ್ರಶ್ನೆ (ಶ್ರೀರಂಗಪಟ್ಟಣ): ಲಂಡನ್ ನಿಧಿಗೆ ದುಡ್ಡು ಎಲ್ಲಿಂದ? ಸುತ್ತಿ ಬಳಸಿ ನಮ್ಮ ಪೆಟ್ರೋಲ್‌ನಿಂದಲೇನಾ?

ಉತ್ತರ: ಒಂಥರಾ ಹೌದು. ಸದಸ್ಯ ದೇಶಗಳಲ್ಲಿ ವರ್ಷಕ್ಕೆ 1.5 ಲಕ್ಷ ಟನ್‌ಗಿಂತ ಜಾಸ್ತಿ ತೈಲವನ್ನು ಸಮುದ್ರದ ಮೂಲಕ ತರಿಸುವವರು ಕಟ್ಟುತ್ತಾರೆ. ಅಂದರೆ ರಿಫೈನರಿಗಳು. ನಿಮ್ಮ ಲೀಟರಿಗೆ ಬೀಳುವುದು ಲೆಕ್ಕಕ್ಕೇ ಸಿಗದಷ್ಟು.

ಪ್ರಶ್ನೆ (ಮಂಡ್ಯ): ನಮ್ಮ ಭಾವ ಮಲ್ಪೆಯಲ್ಲಿ ಬೋಟ್ ಇಟ್ಟಿದ್ದಾರೆ. ಅಂಥವರಿಗೆ ಏನಾದರೂ ಸಿಗುತ್ತಾ?

ಉತ್ತರ: ಬಲೆ ಹಾಳಾದರೂ, ಮೀನು ಹಿಡಿಯಲಾಗದೆ ದಿನದ ದುಡಿಮೆ ಹೋದರೂ ಕೇಳಬಹುದು. ಕಷ್ಟ ಇರುವುದು ಕಾಗದದಲ್ಲಿ. ನೀವು ಕಬ್ಬು ಹಾಕಿದವರಾದರೆ ತೂಕದ ಚೀಟಿ ಕಳೆದುಕೊಂಡು ಫ್ಯಾಕ್ಟರಿ ಮುಂದೆ ನಿಲ್ಲುವ ಪಾಡು ಗೊತ್ತಲ್ಲ, ಅದೇ. ನಾನು ನೋಡಿದ ಒಂದು ಕ್ಲೇಮಿನಲ್ಲಿ ದಡದ ಎಣ್ಣೆ ಬಳಿದು ತೆಗೆದ ಕೂಲಿಗಳಿಗೆ ಕೊಟ್ಟ ಕೈಗವಸಿನ ಬಿಲ್ ಇತ್ತು, ತಾರೀಕೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದೇ ಹೆಬ್ಬೆಟ್ಟು ಹನ್ನೊಂದು ಹೆಸರಿನ ಮುಂದೆ. ಕೆಲಸ ಆಗಿದ್ದು ನಿಜ, ಮರಳೇ ಹೇಳುತ್ತಿತ್ತು. ಆದರೂ ನಾನೇ ಆ ಸಾಲುಗಳನ್ನು ಹೊಡೆದುಹಾಕಬೇಕಾಯಿತು.

ಭಾವನಿಗೆ ಹೇಳಿ: ಹಿಂದಿನ ಎರಡು ಮೂರು ವರ್ಷದ ಹರಾಜಿನ ಚೀಟಿ, ಡೀಸೆಲ್ ಬಿಲ್ ಎತ್ತಿಡಲಿ. ಎಣ್ಣೆ ಅಂಟಿದ ಬಲೆಯ ಫೋಟೋ ತೆಗೆಯಲಿ, ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಲಿ. ನಷ್ಟ ಆದ ದಿನದಿಂದ 3 ವರ್ಷದೊಳಗೆ ಕೋರ್ಟ್‌ಗೆ ಹೋಗದಿದ್ದರೆ ಹಕ್ಕೇ ಹೋಗುತ್ತದೆ.

ಮಂಡ್ಯ: ಚೀಟಿಯಾ ಸರ್? ಅದರಲ್ಲೇ ನಮಗೆ ಒಣಮೀನು ಕಟ್ಟಿ ಕಳಿಸುತ್ತಾರೆ.