ಜಾರ್ಜನ ಕೋಟಿನೊಳಗಿದ್ದ ಪಿಸ್ತೂಲು

ಹಳೆಯ ಓದುಗ: ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಅವರ 1937ರ ಕಿರುಕಾದಂಬರಿ 'ಆಫ್ ಮೈಸ್ ಅಂಡ್ ಮೆನ್' ಕೊನೆಯಲ್ಲಿ, ಜಮೀನ್ದಾರನ ಮಗ ಕರ್ಲಿಯ ಹೆಂಡತಿಯನ್ನು ಅರಿಯದೆ ಕೊಂದ ಮಂದಬುದ್ಧಿಯ ಕೂಲಿ ಲೆನ್ನಿಯನ್ನು ಅವನ ಗೆಳೆಯ ಜಾರ್ಜನೇ ಸಾಲಿನಾಸ್ ನದಿಯ ಮಡುವಿನ ಬಳಿ ಗುಂಡಿಟ್ಟು ಕೊಲ್ಲುತ್ತಾನೆ. ಕರ್ಲಿಯ ಕೈಗೆ ಸಿಕ್ಕಿದ್ದರೆ ಲೆನ್ನಿ ನರಳಿ ನರಳಿ ಸಾಯಬೇಕಾಗಿತ್ತು. ಆದ್ದರಿಂದ ಇದು ಕರುಣೆಯೇ ಎಂದು ನನ್ನ ಅಭಿಪ್ರಾಯ. ತನ್ನ ಮುದಿನಾಯಿಯನ್ನು ತಾನೇ ಕೊಲ್ಲದೆ ಪರರ ಕೈಗೆ ಒಪ್ಪಿಸಿದೆನಲ್ಲ ಎಂದು ಅಲ್ಲಿನ ಮುದುಕ ಕೂಲಿ ಕ್ಯಾಂಡಿ ಹಳಹಳಿಸಿದ್ದನ್ನು ಜಾರ್ಜ್ ಕೇಳಿಸಿಕೊಂಡಿದ್ದ.

ಮುಂಗಾರು: ಆ ನಾಯಿಯ ಪ್ರಸಂಗವೇ ನನ್ನನ್ನು ತಡೆಯುತ್ತದೆ, ಸ್ವಾಮಿ. ನಾಯಿ ನಾರುತ್ತದೆ, ಅದು ಬದುಕಿ ಅದಕ್ಕೂ ಸುಖವಿಲ್ಲ ಎಂದು ವಾದಿಸಿ ಇನ್ನೊಬ್ಬ ಕೂಲಿ ಕಾರ್ಲ್‌ಸನ್ ಅದನ್ನು ಕೊಂದ. ಲೆನ್ನಿಗೆ ಅಂಥದ್ದೇನಾಗಿತ್ತು? ಅವನು ಗಟ್ಟಿಮುಟ್ಟಾದ ದುಡಿಮೆಗಾರ. ಸಾಯಲು ಒಪ್ಪಿಗೆಯೇ ಎಂದು ಅವನನ್ನು ಯಾರೂ ಕೇಳಲಿಲ್ಲ.

ಅಡಿಗೆರೆ: ಇಬ್ಬರೂ ಒಂದು ವಿವರವನ್ನು ಬಿಟ್ಟಿದ್ದೀರಿ. ಕರ್ಲಿಯ ಹೆಂಡತಿ ಸತ್ತ ಸುದ್ದಿಯನ್ನು ಕ್ಯಾಂಡಿ ಎಲ್ಲರಿಗೂ ಮುಟ್ಟಿಸುವ ಮೊದಲು ಜಾರ್ಜ್ ಒಬ್ಬನೇ ಕೂಲಿಗಳ ಬಿಡಾರಕ್ಕೆ ಹೋಗುತ್ತಾನೆ. ಹೆಣವಿದ್ದ ಕೊಟ್ಟಿಗೆಗೆ ಮರಳಿ ಬಂದಾಗ ಅವನ ಕೋಟಿನ ಗುಂಡಿಗಳು ಬಿಗಿದಿರುತ್ತವೆ. ಸ್ವಲ್ಪ ಹೊತ್ತಿನಲ್ಲೇ ಕಾರ್ಲ್‌ಸನ್ ತನ್ನ ಲೂಗರ್ ಪಿಸ್ತೂಲು ಕಾಣೆಯಾಗಿದೆ ಎಂದು ಕೂಗುತ್ತಾನೆ. ನಾಯಿಯನ್ನು ಕೊಂದದ್ದೂ ಅದೇ ಪಿಸ್ತೂಲು. ಅಂದರೆ ಕರ್ಲಿ ಬೆದರಿಕೆ ಹಾಕುವ ಮುನ್ನವೇ ಜಾರ್ಜ್ ಸಿದ್ಧನಾಗಿದ್ದ. ಆದರೂ ಅವನು ಎಲ್ಲರೂ ಗೌರವಿಸುವ ಕೂಲಿ ಸ್ಲಿಮ್‌ನನ್ನು ಕೇಳುತ್ತಾನೆ: ಲೆನ್ನಿಯನ್ನು ಹಿಡಿದುತಂದು ಕೂಡಿಹಾಕಬಹುದಲ್ಲವೇ? ಕೂಡಿಹಾಕಿ ಕಟ್ಟಿಹಾಕಿದರೆ ಅದೂ ಒಳಿತಲ್ಲವೆಂದು ಸ್ಲಿಮ್ ಹೇಳುತ್ತಾನೆ. ಕೋಟಿನೊಳಗೆ ಪಿಸ್ತೂಲು, ಬಾಯಲ್ಲಿ ಬೇರೊಂದು ದಾರಿ. ನನ್ನ ಮಟ್ಟಿಗೆ ಇಡೀ ಪುಸ್ತಕ ಅಲ್ಲಿದೆ.

ಮುಂಗಾರು: ಹಾಗಾದರೆ ಕೊನೆಗೆ, ಗುಂಡಿಡುವ ಮುನ್ನ, ಇಬ್ಬರೂ ಸೇರಿ ಸ್ವಂತ ಜಮೀನು ಕೊಳ್ಳುವ ಆ ಹಳೆಯ ಕನಸಿನ ಕಥೆಯನ್ನು ಲೆನ್ನಿಗೆ ಮತ್ತೆ ಹೇಳಿದ್ದೇಕೆ? 600 ಡಾಲರಿನ ಆ ತುಂಡುಭೂಮಿ ಕೈಗೆಟುಕುವಂತೆ ಕಂಡದ್ದೇ ಕ್ಯಾಂಡಿ ತನ್ನ 350 ಡಾಲರನ್ನು ಮುಂದಿಟ್ಟಾಗ. ಕೊಟ್ಟಿಗೆಯಲ್ಲಿ ಹೆಣದ ಮುಂದೆ ನಿಂತು, ಇದು ಆಗದ ಮಾತೆಂದು ಮೊದಲಿನಿಂದಲೂ ಗೊತ್ತಿತ್ತು ಎಂದು ಕ್ಯಾಂಡಿಯ ಬಳಿ ಒಪ್ಪಿಕೊಂಡವನು, ಅದೇ ಮಾತನ್ನು ಲೆನ್ನಿಗೆ ಕಣ್ಣಾರೆ ಕಾಣಿಸುವುದು ಮೋಸವಲ್ಲವೇ?

ಹಳೆಯ ಓದುಗ: ಪಿಸ್ತೂಲಿನ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಮೋಸವೆಂಬುದನ್ನು ಮಾತ್ರ ಒಪ್ಪಲಾರೆ. ಲೆನ್ನಿಗೆ ಜಮೀನಿಗಿಂತ ಆ ಕಥೆಯೇ ಬೇಕಿತ್ತು, ಬಾಯಿಪಾಠವಾಗಿದ್ದರೂ ಪ್ರತಿ ಸಲ ಜಾರ್ಜನ ಬಾಯಿಂದಲೇ ಕೇಳಬೇಕಿತ್ತು.

ಅಡಿಗೆರೆ: ಕ್ಯಾಂಡಿಯ ಗತಿಯನ್ನು ಯಾರೂ ಕೇಳುತ್ತಿಲ್ಲ, ಕಾದಂಬರಿಯೂ ಅವನನ್ನು ಹುಲ್ಲಿನ ಮೇಲೆ ಮಲಗಿಸಿ ಮುಂದೆ ಹೋಗುತ್ತದೆ. ನನ್ನನ್ನು ಕಾಡುವುದು ಲೆನ್ನಿಯ ಟೊಪ್ಪಿಗೆ. ಗಾಳಿ ಹಿತವಾಗಿದೆ, ಟೊಪ್ಪಿಗೆ ತೆಗೆ ಎಂದು ಜಾರ್ಜ್ ಹೇಳುತ್ತಾನೆ. ಗುರಿಗೆ ಅಡ್ಡಿಯಾಗದಿರಲೆಂದೇ ಇರಬೇಕು. ಲೆನ್ನಿ ತೆಗೆದು ಮುಂದೆ ನೆಲದ ಮೇಲೆ ಇಡುತ್ತಾನೆ.