ನಾಯಿಗೆ ಕಳ್ಳತನ ಕಲಿಸೋ ಗೇಮು: ನಮ್ಮನೆ ಗುಂಪಲ್ಲಿ ನಿನ್ನೆ ರಾತ್ರಿ

ದೊಡ್ಡಪ್ಪ: (ಫಾರ್ವರ್ಡ್) ಪೋಷಕರೇ ಎಚ್ಚರ!! ನೆಟ್‌ಹ್ಯಾಕ್ ಅನ್ನೋ ಆನ್‌ಲೈನ್ ಗೇಮಲ್ಲಿ ಮಕ್ಕಳು ಸಾಕಿದ ನಾಯಿಗೆ ಅಂಗಡಿಯಿಂದ ಕದಿಯೋದು ಕಲಿಸ್ತಿದಾರೆ. ಎಲ್ಲರಿಗೂ ಕಳಿಸಿ 🙏

ಅಕ್ಕ: ಅಪ್ಪ ಇದು ಯಾರು ಬರೆದಿದ್ದು, ಲಿಂಕ್ ಎಲ್ಲಿ? ಹೋದ್ವಾರ ನಿಂಬೆಹಣ್ಣಿಂದೂ ಹೀಗೇ ಕಳಿಸಿದ್ರಿ

ದೊಡ್ಡಪ್ಪ: ಬುದ್ಧಿ ಹೇಳೋಕೆ ಲಿಂಕ್ ಬೇಕಾ? ಇವತ್ತು ಗೇಮಲ್ಲಿ ಕದ್ದೋನು ನಾಳೆ ಜೇಬಿಗೆ ಕೈ ಹಾಕ್ತಾನೆ. ನಾವು ಬಿದ್ದಿರೋ ಮಾವಿನಕಾಯಿನೂ ಕೇಳಿ ತಗೋತಿದ್ವಿ

ನಾನು: ದೊಡ್ಡಪ್ಪ ಆ ಗೇಮ್ ನಾನೇ ವರ್ಷಗಟ್ಟಲೆ ಆಡಿದೀನಿ, 1987ರಿಂದ ಇದೆ, ಒಬ್ರೇ ಆಡೋದು, ಆನ್‌ಲೈನ್ ಸರ್ವರಲ್ಲಿ ಆಡಿದ್ರೂ ಅಂಗಡಿಯವನು ಕಂಪ್ಯೂಟರೇ, ಯಾರ ಗಂಟೂ ಹೋಗಲ್ಲ. ನಾಯಿ ಅಂದ್ರೆ ಸ್ಕ್ರೀನ್ ಮೇಲೆ ಒಂದು ‘ಡಿ’ ಅಕ್ಷರ. ನಾವು ಸಾಮಾನು ಎತ್ಕೊಂಡ್ರೆ ಅಂಗಡಿಯವನು ದುಡ್ಡು ಕೊಡೋವರೆಗೂ ಬಾಗಿಲಿಗೆ ಅಡ್ಡ ನಿಲ್ತಾನೆ, ನಾಯಿ ಕಚ್ಕೊಂಡು ಹೋದ್ರೆ ಲೆಕ್ಕಕ್ಕಿಲ್ಲ. ಅದು ತಂದು ನಮ್ಮ ಹತ್ರ ಹಾಕಿದ ತಕ್ಷಣ ಮಾಂಸದ ತುಂಡು ಎಸೆದ್ರೆ ತರೋ ಅಭ್ಯಾಸ ಗಟ್ಟಿಯಾಗುತ್ತೆ, ನಾವು ತುಂಡು ಎಸೀದೆ ಬಿಟ್ರೆ ನಿಧಾನಕ್ಕೆ ಮರೆಯುತ್ತೆ. ಶಾಪ ಇರೋ ವಸ್ತು ಮೇಲೆ ಕಾಲಿಡೋಕೇ ಹಿಂಜರಿಯುತ್ತೆ, ಅದನ್ನ ನೋಡಿನೇ ಯಾವುದು ಮುಟ್ಬಾರ್ದು ಅಂತ ನಮಗೆ ಗೊತ್ತಾಗೋದು. ಒಂದು ಪ್ರಾಣಿನ ತಾಳ್ಮೆಯಿಂದ ನೋಡೋದು ನಾನು ಕಲಿತಿದ್ದೇ ಅಲ್ಲಿ

ಹಾಸನದ ಅಣ್ಣ: ನಾಯಿ ಅಂದ್ರೆ ನಮ್ಮ ಕರಿಯ!! ಅಜ್ಜಿ ಮನೆ ಜಗಲಿ ಮೇಲಿನ ಚಪ್ಪಲಿ ಒಂದೂ ಬಿಡ್ತಿರ್ಲಿಲ್ಲ, ಬಚ್ಚಲೊಲೆ ಹಿಂದಿನ ಬೂದಿ ಗುಡ್ಡೇಲಿ ಹೂತಿಡ್ತಿತ್ತು. ಅಜ್ಜಿ ಬೈಕೊಂಡೇ ಮುದ್ದೆ ಹಾಕೋರು

ನಾನು: ಅದೇ ಅಣ್ಣ, ಚಪ್ಪಲಿ ಎತ್ತಿದಾಗ್ಲೆಲ್ಲ ಮುದ್ದೆ ಸಿಕ್ತಿತ್ತು, ಇನ್ನೆಲ್ಲಿ ಬಿಡುತ್ತೆ

ಅತ್ತೆ: ಚಪ್ಪಲಿ ಮಾತು ಬಂತಲ್ಲ, ಕೇಳೇಬಿಡ್ತೀನಿ. ದೊಡ್ಡಣ್ಣ, ಅಪ್ಪನ ತಿಥಿ ದಿನ ನಿಮ್ಮ ಹೊಸ ಚಪ್ಪಲಿ ಕಾಣ್ದಾಗ ನಮ್ಮ ಹುಡುಗನ ಬ್ಯಾಗ್ ಬಿಚ್ಚಿ ಅಂಗಳಕ್ಕೆ ಸುರಿದಿದ್ದು ಯಾರು? ಒಂಬತ್ತು ವರ್ಷದ ಮಗು, ಚಡ್ಡಿ ಬನಿಯನ್ನು ಎಲ್ಲಾ ಎಲ್ರೆದುರಿಗೆ. ಮೂರು ದಿನ ಆದ್ಮೇಲೆ ಆ ಬೂದೀಲೇ ಸಿಕ್ತು, ಬಾರು ಅರ್ಧ ಅಗಿದಿತ್ತು

ದೊಡ್ಡಪ್ಪ: ನಾನು ಬರೀ ಕೇಳಿದ್ದಷ್ಟೆ. ಕಳ್ಳ ಅಂದಿಲ್ಲ

ಅಕ್ಕ: ಅಂದ್ರಿ ಅಪ್ಪ. ಇದಕ್ಕೆ ಲಿಂಕ್ ಬೇಡ, ನಾನು ಅಲ್ಲೇ ನಿಂತಿದ್ದೆ

ದೊಡ್ಡಪ್ಪ: ಹಳೇದೆಲ್ಲ ಈಗ್ಯಾಕೆ, ಗೇಮ್ ವಿಷಯ ಹೇಳಿದ್ದು ಮಕ್ಕಳ ಒಳ್ಳೇದಕ್ಕೆ. ನಾಳೆ ಅವನಿಗೆ ಫೋನ್ ಮಾಡ್ತೀನಿ ಬಿಡಮ್ಮ

ಅತ್ತೆ: ಫೋನ್ ಬೇಡ ಅಣ್ಣ. ಅವತ್ತು ಎಲ್ರೆದುರಿಗೆ ಅಂದಿದ್ರಿ. ಅವನೂ ಈ ಗುಂಪಲ್ಲೇ ಇದಾನೆ, ಇಲ್ಲೇ ಬರೀರಿ